ನಮ್ಮ ಸೋಲುಗಳಿಗೂ ನಿಮ್ಮ ಗೋಡೆಯಲ್ಲಿ ಜಾಗ ಕೊಡಿ

ಇತಿಹಾಸದ ಗೋಡೆ ಕಟ್ಟಿಸಿದ ಮಾನ್ಯ ಆಡಳಿತಾಧಿಕಾರಿಗಳೇ,

ನೀವು ನಮ್ಮ ಏಳು ವರ್ಷದ ಸೋಲುಗಳನ್ನು ಎತ್ತಿಕೊಂಡು ಹೋಗಿದ್ದೀರಿ. ಅವನ್ನು ಮರ್ಯಾದೆಯಿಂದ ವಾಪಸು ಕೊಡಿ ಎಂದು ಕೇಳಲು ಈ ಪತ್ರ.

ಕ್ಲಾಂಗ್ ಬಂದರಿನ ಹೊಸ ಬೇಸ್‌ಬಾಲ್ ಕ್ರೀಡಾಂಗಣದ ಬಾಗಿಲಲ್ಲಿ ನೀವು ಎಬ್ಬಿಸಿರುವ ಗೋಡೆಯನ್ನು ಹೋದ ಭಾನುವಾರ ಕಣ್ತುಂಬ ನೋಡಿಬಂದೆ. ಹೊಳೆಯುವ ಕಲ್ಲು, ಅದರ ಮೇಲೆ ಚಿನ್ನದ ಬಣ್ಣದ ಅಕ್ಷರ. 'ಕ್ಲಾಂಗ್ ಥಂಡರ್ಸ್: ಒಂದು ವೈಭವದ ಇತಿಹಾಸ.' ನಿಮ್ಮ ಕಂಪನಿ ತಂಡವನ್ನು ಕೊಂಡ ವರ್ಷವೇ ತಂಡ ಹುಟ್ಟಿದ ವರ್ಷವಂತೆ. ಹುಟ್ಟಿದ ವರ್ಷ ಮೂರನೇ ಸ್ಥಾನ, ಆಮೇಲೆ ಎರಡನೇ ಸ್ಥಾನ, ಈಗ ಚಾಂಪಿಯನ್! ಎಂಥ ಮಗುವಪ್ಪಾ ಇದು! ಅಂಬೆಗಾಲಿಡಲಿಲ್ಲ, ಹಲ್ಲು ಬರುವಾಗ ಜ್ವರ ಬರಲಿಲ್ಲ, ಒಂದು ದಿನವೂ ಹಾಸಿಗೆ ಒದ್ದೆ ಮಾಡಲಿಲ್ಲ. ತೊಟ್ಟಿಲಿನಿಂದ ಇಳಿದದ್ದೇ ಸೀದಾ ಕುದುರೆ ಹತ್ತಿತು. ಇಂಥ ಮಗುವನ್ನು ನಂಬಲು ನನ್ನಂಥ ದೈವಭಕ್ತೆಗೂ ಕಷ್ಟವಾಯಿತು ಸ್ವಾಮಿ.

ನಾನು ಓದಿದ್ದು ನಮ್ಮೂರ ಕನ್ನಡ ಶಾಲೆಯಲ್ಲಿ, ಏಳನೇ ತರಗತಿಯವರೆಗೆ. ನಿಮಗೆ ಕನ್ನಡ ಬಾರದು, ನನಗೆ ಬೇರೆ ಭಾಷೆಯಲ್ಲಿ ಬರೆಯಲು ಬಾರದು. ಆದ್ದರಿಂದ ಇದು ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ನನ್ನ ಮಗಳು ವಿಸ್ಮಯಾ ಇಂಗ್ಲಿಷ್ ಮಾಡಿ ನಿಮ್ಮ ಮೇಜಿನ ಮೇಲೆ ಇಡುತ್ತಾಳೆ. ಇಲ್ಲೇ ಬೆಳೆದ ಹುಡುಗಿ. ನಾನು ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥಮಾಡಿಕೊಂಡು ಇಂಗ್ಲಿಷಿನಲ್ಲಿ ತಿರುಗಿ ಬೈಯುತ್ತಾಳೆ. ಮೊದಲ ಸಾಲು ಓದಿದ ಕೂಡಲೇ ಇಲ್ಲಿನವರ ಮಾತಿಗೆಲ್ಲ ಇರುವ 'ಲಾ' ಬಾಲ ಸೇರಿಸಿ "ಅಮ್ಮಾ, ಟೋನ್ ಡೌನ್ ಲಾ" ಎಂದಳು. ನಿಮ್ಮ ಪ್ರತಿಯಲ್ಲಿ ಪತ್ರ ಮೆತ್ತಗಿದ್ದರೆ ಅದು ಅವಳ ಕೈವಾಡ, ನನ್ನ ತಪ್ಪಲ್ಲ.

ನಿಮ್ಮ ಗೋಡೆ ನುಂಗಿದ್ದನ್ನು ಈಗ ನಾನು ಹೇಳುತ್ತೇನೆ. ಥಂಡರ್ಸ್ ಆಗುವ ಮೊದಲು ಈ ತಂಡದ ಹೆಸರು ಬೆಲಾಚಕ್. ಇಲ್ಲಿನ ಕಾಂಡ್ಲಾ ಗಿಡಗಳ ಕೆಸರಿನಲ್ಲಿ ಕುಪ್ಪಳಿಸುವ, ಕಣ್ಣು ಹೊರಗೆ ಬಿಟ್ಟುಕೊಂಡ ಮೀನಿನ ಮಲಯ್ ಹೆಸರು ಅದು. ಸೀಗಡಿ ರಫ್ತು ಮಾಡುತ್ತಿದ್ದ ಯಜಮಾನರೊಬ್ಬರು ಕಟ್ಟಿದ ತಂಡ. ಕಂಟೇನರ್ ಯಾರ್ಡಿನ ಹಿಂದಿನ ಬಯಲೇ ಮೈದಾನ. ಸಮುದ್ರ ಉಕ್ಕಿದ ದಿನ ಎಡಮೂಲೆಯಲ್ಲಿ ನೀರು ನಿಂತು ನಿಜವಾದ ಬೆಲಾಚಕ್ ಮೀನುಗಳೂ ಪಂದ್ಯ ನೋಡಲು ಬರುತ್ತಿದ್ದವು. ಸಂಬಳ ಕೊಟ್ಟು ಆಡಿಸುವ ಲೀಗಿನಲ್ಲಿ ಸಂಬಳ ಪಡೆದು ಸೋಲುವ ತಂಡ ನಮ್ಮದು. ಸೋಲಿನಲ್ಲೂ ಒಂದು ಶ್ರದ್ಧೆ ಇತ್ತು. ಅಪರೂಪಕ್ಕೊಮ್ಮೆ ಬಿಟ್ಟರೆ ತಪ್ಪಿಸುತ್ತಿರಲಿಲ್ಲ.

ಈ ತಂಡಕ್ಕೆ ನನ್ನ ಮೈದುನ ಗುರುದತ್ ಸೇರಿದ್ದು ಒಂದು ಚಹಾ ಪೊಟ್ಟಣದಿಂದ. ಮೈಸೂರಿನಲ್ಲಿ ಕಾಲೇಜಿನ ಪರವಾಗಿ ಕ್ರಿಕೆಟ್ ಆಡಿದ್ದ ಹುಡುಗ, ನನ್ನ ಯಜಮಾನರ ಜೊತೆ ಇಲ್ಲಿನ ಸರಕು ಸಾಗಣೆ ಕಚೇರಿಯಲ್ಲಿ ಕೆಲಸಕ್ಕೆ ಬಂದ. ಒಂದು ಸಂಜೆ ಮಾಮಕ್ ಎನ್ನುವ ತಮಿಳು ಮುಸ್ಲಿಮರ ಹೋಟೆಲಿನಲ್ಲಿ ಚಹಾ ತಾಪಾವ್, ಅಂದರೆ ಪ್ಲಾಸ್ಟಿಕ್ ಚೀಲದಲ್ಲಿ ಪಾರ್ಸೆಲ್, ಮಾಡಿಸಿಕೊಂಡವನು, ಮೆಟ್ಟಿಲು ಹತ್ತಲು ಸೋಮಾರಿತನವಾಗಿ, ಆ ಪೊಟ್ಟಣವನ್ನು ಬೀದಿಯಿಂದಲೇ ಮೂರನೇ ಮಹಡಿಯ ಗೆಳೆಯನ ಕೈಗೆ ಎಸೆದ. ಒಂದು ಹನಿ ಚೆಲ್ಲಲಿಲ್ಲ. ಪಕ್ಕದ ಮೇಜಿನಲ್ಲಿ ರೊಟ್ಟಿ ತಿನ್ನುತ್ತಿದ್ದ ಬೆಲಾಚಕ್ ತಂಡದ ಕೋಚ್ ಲಿಮ್ ಎದ್ದು ಬಂದು ಅವನ ಭುಜ ಹಿಡಿದರು. "ಯು! ಟುಮಾರೋ ಮಾರ್ನಿಂಗ್, ಗ್ರೌಂಡ್!"

ಎಸೆಯುವುದರಲ್ಲಿ ಗುರುದತ್ ಅರ್ಜುನನೇ. ತೊಂದರೆ ಇದ್ದದ್ದು ಹೊಡೆದ ಮೇಲೆ. ಬೇಸ್‌ಬಾಲಿನಲ್ಲಿ ಚೆಂಡು ಹೊಡೆದವನು ಬ್ಯಾಟು ಬಿಸಾಡಿ ಓಡಿ ಕಾಲಿನಿಂದ ಮೂಲೆಯ ಚೀಲ ಮುಟ್ಟಬೇಕು. ನಮ್ಮ ಹುಡುಗನ ರಕ್ತದಲ್ಲಿ ಇದ್ದದ್ದು ಕ್ರಿಕೆಟ್. ಬ್ಯಾಟು ಹಿಡಿದೇ ಓಡುವನು, ಚೀಲ ಇನ್ನೂ ಒಂದು ಮಾರು ದೂರ ಇರುವಾಗಲೇ ಬಗ್ಗಿ ಬ್ಯಾಟಿನ ತುದಿ ಚಾಚಿ ಚೀಲಕ್ಕೆ ತಾಗಿಸುವನು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, ರನ್ ಸಿಕ್ಕಿತೆಂಬ ಗತ್ತಿನಲ್ಲಿ ಬೆವರು ಒರೆಸಿಕೊಳ್ಳುವನು. ಅಷ್ಟರಲ್ಲಿ ಎದುರಾಳಿ ಚೆಂಡು ಹಿಡಿದು, ಆರಾಮಾಗಿ ನಡೆದುಬಂದು ಚೀಲ ತುಳಿದು ಔಟ್ ಮಾಡಿರುತ್ತಿದ್ದ. ಕೋಚ್ ಲಿಮ್ ಟೋಪಿ ನೆಲಕ್ಕೆ ಬಡಿಯುತ್ತಿದ್ದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಬೇಲಿಯ ಹತ್ತಿರ ನಿಂತು ಕೂಗುತ್ತಿದ್ದೆ: "ಬ್ಯಾಟ್ ಬಿಡೋ!"

ಪಕ್ಕದ ಮನೆಯ ಲೆಚ್ಚುಮಿ ಅಕ್ಕ ತಮಿಳರು, ಅವರೂ ಕೂಗಿದರು: "ಬ್ಯಾಟ್ ಬಿಡೋ!" ನಾಸಿ ಲೆಮಾಕ್ ಎಂಬ ತೆಂಗಿನಹಾಲಿನ ಅನ್ನ ಮಾರುವ ಮಲಯ್ ಚಿಕ್ಕಪ್ಪ, ನಮ್ಮೆಲ್ಲರ ಪಾಕ್‌ಚಿಕ್, ಕೂಗಿದರು. ಕ್ರೇನ್ ಇಳಿದು ಬಂದ ಬಂದರಿನ ಕೆಲಸಗಾರರು ಕೂಗಿದರು. ಬರಬರುತ್ತಾ ಯಾವ ಆಟಗಾರ ಹೊಡೆದರೂ ಇಡೀ ಬಯಲು ಒಂದೇ ಗಂಟಲಲ್ಲಿ "ಬ್ಯಾಟ್ ಬಿಡೋ!" ಎನ್ನತೊಡಗಿತು. ಈಗ ನಿಮ್ಮ ಗೋಡೆ ಏನು ಹೇಳುತ್ತದೆ? 'ಬ್ಯಾಟ್ ಬಿಡೋ: ನಮ್ಮ ಬ್ರ್ಯಾಂಡಿಂಗ್ ತಜ್ಞರು ರೂಪಿಸಿದ ಶಕ್ತಿಘೋಷ. ಯಾವ ಭಾಷೆಗೂ ಸೇರದೆ ಎಲ್ಲರನ್ನೂ ಬೆಸೆಯುವ ನಾದ.' ಆಹಾ! ನಾನು ಮೈದುನನಿಗೆ ಬೈದದ್ದು ಯಾವ ಭಾಷೆಗೂ ಸೇರುವುದಿಲ್ಲವೇ? ನನ್ನ ಬೈಗುಳಕ್ಕೆ ತಜ್ಞರು ಬೇಕಾಯಿತೇ?

ನನಗೆ ಈ ಆಟದಲ್ಲಿ ಒಂದೇ ಒಂದು ತಕರಾರಿತ್ತು. ಎಲ್ಲರೂ ಮೈದಾನವನ್ನು ಎಡಕ್ಕಿಟ್ಟುಕೊಂಡು ಸುತ್ತುತ್ತಾರೆ! ದೇವಸ್ಥಾನದಲ್ಲಿ ಹಾಗೆ ಸುತ್ತಿದರೆ ಅರ್ಚಕರು ಸುಮ್ಮನಿರುತ್ತಾರೆಯೇ? ಅಪ್ರದಕ್ಷಿಣೆ ಹಾಕಿಕೊಂಡು ಗೆಲುವು ಬೇಡಿದರೆ ಯಾವ ದೇವರು ಕೊಡುತ್ತಾನೆ? ಹೋಗಿ ಕೋಚ್ ಲಿಮ್ ಹತ್ತಿರ, ನಮ್ಮ ಹುಡುಗರನ್ನಾದರೂ ಬಲಸುತ್ತು ಓಡಿಸಿ ಎಂದೆ. ಅವರು ನಗು ತಡೆಯಲಾರದೆ ಬೆಂಚಿನ ಮೇಲೆ ಕುಸಿದರು. "ಸಿಸ್ಟರ್, ಅದರ್ ವೇ ರನ್, ಅಂಪೈರ್ ಸೇ ಔಟ್. ಯುವರ್ ಗಾಡ್ ರನ್, ಆಲ್ಸೋ ಔಟ್ ಲಾ!"

ಆಟ ಬದಲಾಗದಿದ್ದರೆ ಪರಿಹಾರವಾದರೂ ಆಗಲಿ ಎಂದು, ಪಂದ್ಯ ಮುಗಿದ ಮೇಲೆ ನಾನೇ ಮೈದಾನಕ್ಕೆ ಬಲಸುತ್ತು ಬರಲು ಶುರುಮಾಡಿದೆ. ಹುಡುಗರು ತಿರುಗಾಮುರುಗಾ ಸುತ್ತಿದ್ದನ್ನೆಲ್ಲ ಬಿಚ್ಚಿ ನೇರ ಮಾಡುವಂತೆ. ಲೆಚ್ಚುಮಿ ಅಕ್ಕ ಜೊತೆಗೂಡಿದರು. "ಎನ್ನ ಜಯಾ, ಇನ್ನಿಕ್ಕೂ ತೋತ್ತುಪೋಚ್ಚಾ?" ಇವತ್ತೂ ಸೋತಾಯಿತೇ ಎಂದು ಅವರು ಕೇಳುವುದು, "ಸೋತಾಯ್ತು ಅಕ್ಕಾ, ನಡೀರಿ" ಎಂದು ನಾನು ಹೇಳುವುದು. ಪಾಕ್‌ಚಿಕ್ ಹಿಂದೆ ಬಂದರು, ಆಮೇಲೆ ಆಟಗಾರರೂ ಬಂದರು. ನಾನು ಹಾಕಿದ್ದು ಪ್ರದಕ್ಷಿಣೆ, ಲೆಚ್ಚುಮಿ ಅಕ್ಕ ಹೊಡೆದದ್ದು ಹರಟೆ, ಪಾಕ್‌ಚಿಕ್ ಮಾಡಿದ್ದು ವ್ಯಾಯಾಮ. ದೇವರು ಮೂರನ್ನೂ ಒಂದೇ ಬುಟ್ಟಿಗೆ ಹಾಕಿಕೊಂಡಿರಬೇಕು. ಸೋತ ಸಂಜೆಗಳಲ್ಲಿ ಅಷ್ಟು ನಕ್ಕ ಜನರನ್ನು ನಾನು ಯಾವ ಮದುವೆಮನೆಯಲ್ಲೂ ಕಂಡಿಲ್ಲ.

ಮೂರನೇ ವರ್ಷ ಹತ್ತಿರದ ಊರಾದ ಪೆಟಾಲಿಂಗ್ ಜಯಾದ ತಂಡದ ಎದುರು ಒಂದು ಪವಾಡವಾಯಿತು. ಕೊನೆಯ ಸರದಿ, ಎರಡೂ ತಂಡ ಸಮ, ಮೂರನೇ ಮೂಲೆಯಲ್ಲಿ ನಮ್ಮವನೊಬ್ಬ ಓಡಲು ಕಾಯುತ್ತಿದ್ದ. ಬ್ಯಾಟು ಹಿಡಿದದ್ದು ಗುರುದತ್. ನಾನು ಗಣಪತಿಗೆ ಹೇಳಿಕೊಂಡೆ: ಅಪ್ಪಾ, ಇವತ್ತು ಗೆದ್ದರೆ ಇಲ್ಲಿರುವವರಿಗೆಲ್ಲ ಪುಳಿಯೋಗರೆ ಹಾಕುತ್ತೇನೆ, ಎದುರಾಳಿಗಳಿಗೂ. ಚೆಂಡು ಬಂತು, ಹೊಡೆದ. ಬಯಲೆಲ್ಲ ಕೂಗಿತು. ನನ್ನ ಮೈದುನ ನಾಲ್ಕು ಹೆಜ್ಜೆ ಬ್ಯಾಟು ಹಿಡಿದೇ ಓಡಿದ, ಐದನೆಯದರಲ್ಲಿ ಅದನ್ನು ಹಾವು ಕೈಗೆ ಸುತ್ತಿಕೊಂಡವನಂತೆ ಕೊಡವಿ ಬಿಸಾಡಿದ! ಓಡಿ ಎರಡೂ ಕಾಲು ಜೋಡಿಸಿ ಚೀಲದ ಮೇಲೆ ನೆಗೆದು ನಿಂತ. ಅತ್ತ ಮೂರನೇ ಮೂಲೆಯವನು ಆಟದ 'ಮನೆ', ಅಂದರೆ ಓಟ ಶುರುವಾದ ಜಾಗ, ಸೇರಿ ರನ್ ತಂದ. ಗೆದ್ದೆವು ಸ್ವಾಮಿ! ಗುರುದತ್ ಗೆದ್ದದ್ದನ್ನು ಕೂಗಲಿಲ್ಲ, "ಅತ್ತಿಗೇ, ಬಿಟ್ಟೆ! ಬ್ಯಾಟ್ ಬಿಟ್ಟೆ!" ಎಂದು ಕೂಗಿದ. ಕೋಚ್ ಲಿಮ್ ಅಳುತ್ತಾ ಅಂಪೈರನ್ನು ಅಪ್ಪಿಕೊಂಡರು. ಮರುದಿನ ಪೆಟಾಲಿಂಗ್ ಜಯಾದವರು ಬಂದು ಪುಳಿಯೋಗರೆ ಉಂಡು, ಇನ್ನೂ ಇದೆಯಾ ಎಂದರು. ಇದು ಇತಿಹಾಸವಲ್ಲದಿದ್ದರೆ ನಿಮ್ಮ ಕಲ್ಲಿನ ಮೇಲಿರುವುದು ಏನು?

ಇನ್ನು ನಿಮ್ಮ ಕಚೇರಿಯ ವಿಚಾರ. ಬರುವ ಶನಿವಾರ ಉದ್ಘಾಟನೆಯ ದಿನ ಹಳೆಯ ಆಟಗಾರರನ್ನೆಲ್ಲ ಮೈದಾನಕ್ಕೆ ಕರೆದು ಗೌರವಿಸುತ್ತೀರಿ ಎಂದು ಪ್ರಕಟಿಸಿದಿರಿ. ಗುರುದತ್ ಹೆಸರು ಕೊಡಲು ಬಂದ, ನಾನೂ ವಿಸ್ಮಯಾಳೂ ಜೊತೆಗಿದ್ದೆವು. ಕೌಂಟರಿನ ತರುಣ ಕಂಪ್ಯೂಟರ್ ನೋಡಿದ. "ಸಾರಿ ಅಂಕಲ್. ಬೆಲಾಚಕ್ ನಾಟ್ ಇನ್ ಸಿಸ್ಟಮ್ ಲಾ."

"ಮೂರನೇ ಬೇಸ್‌ನಲ್ಲಿ ಏಳು ವರ್ಷ ನಿಂತಿದ್ದೀನಿ ಕಣಪ್ಪಾ. ಕಾಲಿಗೆ ಹತ್ತಿದ ಕೆಸರು ಇನ್ನೂ ಹೋಗಿಲ್ಲ" ಎಂದ ಗುರುದತ್. ವಿಸ್ಮಯಾ ಇಂಗ್ಲಿಷ್ ಮಾಡಿದಳು.

"ಬಟ್ ಅಂಕಲ್, ದಟ್ ಟೈಮ್ ನೋ ಟೀಮ್."

"ತಂಡವೇ ಇರಲಿಲ್ಲ ಅಂದ್ರೆ ಅಷ್ಟೊಂದು ಪಂದ್ಯ ಸೋತೋರು ಯಾರು ಕೇಳೇ" ಎಂದು ಮಗಳಿಗೆ ಹೇಳಿದೆ. ಆಗ ನೀವೇ ಒಳಗಿನಿಂದ ಬಂದಿರಿ. ನಗುನಗುತ್ತಾ ಹೇಳಿದಿರಿ: ಸೋಲುಗಳನ್ನು ಗೋಡೆಗೆ ಹಾಕಿದರೆ ಪ್ರಾಯೋಜಕರಿಗೆ ಬೇಸರವಾಗುತ್ತದೆ ಮೇಡಂ. ಹೇಳಿ ಕಾರು ಹತ್ತಿದಿರಿ. ಗುರುದತ್ ದಾರಿಯಲ್ಲಿ "ಹೋಗ್ಲಿ ಬಿಡಿ ಅತ್ತಿಗೆ" ಎಂದ. ಅವನು ಬಿಡುವುದನ್ನು ಕಲಿತಿದ್ದಾನೆ, ನಾನು ಕಲಿತಿಲ್ಲ.

ಸೋಲೆಂದರೆ ಮೈಲಿಗೆಯೇ ಮಾನ್ಯರೇ? ಗೆಲ್ಲುವ ತಂಡವನ್ನು ನೋಡಲು ಯಾರಾದರೂ ಬರುತ್ತಾರೆ. ಸೋಲುತ್ತದೆಂದು ಗೊತ್ತಿದ್ದೂ ಸಾರು ಒಲೆಯಿಂದ ಇಳಿಸಿ ಓಡಿಬಂದವರು ಯಾರು? ಆ ಏಳು ವರ್ಷ ಯಾರೂ ಬಂದಿರದಿದ್ದರೆ, ಕೊಳ್ಳಲು ನಿಮ್ಮ ಕಂಪನಿಗೆ ತಂಡವಾದರೂ ಎಲ್ಲಿರುತ್ತಿತ್ತು?

ಇನ್ನೊಂದು ವಿಷಯವನ್ನು ಬರೆಯಬಾರದೆಂದುಕೊಂಡಿದ್ದೆ, ಬರೆಯುತ್ತೇನೆ. ಕೋಚ್ ಲಿಮ್ ಅವರಿಗೆ ಈಗ ಎಂಬತ್ತರ ಹತ್ತಿರ. ಮೀನಿನ ಚಿತ್ರದ ತಮ್ಮ ಹಳೆಯ ಅಂಗಿಯನ್ನು ಒಗೆಸಿ, ಇಸ್ತ್ರಿ ಮಾಡಿಸಿ, ಬಾಗಿಲ ಹಿಂದೆ ನೇತುಹಾಕಿದ್ದಾರೆ. ಶನಿವಾರ ಎಷ್ಟು ಗಂಟೆಗೆ ಕರೆದುಕೊಂಡು ಹೋಗುತ್ತೀಯ ಎಂದು ಗುರುದತ್‌ಗೆ ದಿನಾ ಫೋನು. ಅವರಿಗೆ ಇನ್ನೂ ಯಾರೂ ಹೇಳಿಲ್ಲ. ನಮಗೆ ಧೈರ್ಯ ಸಾಲದು. ನಿಮಗೆ ಇದ್ದರೆ ನೀವೇ ಹೋಗಿ ಆ ಬಾಗಿಲು ತಟ್ಟಿ ಹೇಳಿ: ಅಂಕಲ್, ನೀವು ಇರಲೇ ಇಲ್ಲ.

ಅಷ್ಟು ಧೈರ್ಯ ನಿಮಗೂ ಇಲ್ಲವಾದರೆ ನನ್ನ ಬೇಡಿಕೆ ಕೇಳಿ. ಶನಿವಾರ ಬೆಲಾಚಕ್ ಆಟಗಾರರೆಲ್ಲರೂ ಮೈದಾನಕ್ಕೆ ಬರಬೇಕು, ಎಲ್ಲರಿಗಿಂತ ಮುಂದೆ ಕೋಚ್ ಲಿಮ್. ಗೋಡೆಯ ಮೊದಲ ಕಲ್ಲಿನಲ್ಲಿ ಬೆಲಾಚಕ್ ಹೆಸರು, ಅದರ ಕೆಳಗೆ ನಮ್ಮ ಸೋಲುಗಳು ಬರಬೇಕು. ಚಿಕ್ಕ ಅಕ್ಷರವಾದರೂ ಆದೀತು, ಚಿನ್ನದ ಬಣ್ಣ ಬೇಡ, ಆದರೆ ಒಂದನ್ನೂ ಬಿಡಬಾರದು. ಜಾಗವಿಲ್ಲ ಎನ್ನಬೇಡಿ, ನಾನು ಗೇಣು ಹಾಕಿ ಅಳೆದು ಬಂದಿದ್ದೇನೆ. ನೀವು ಹಾರ ಹಾಕಿಕೊಂಡು ಕೈಮುಗಿದಿರುವ ಚಿತ್ರವೊಂದನ್ನು ಇಳಿಸಿದರೆ ನಮ್ಮ ಏಳು ವರ್ಷವೂ ಅಲ್ಲಿ ಆರಾಮಾಗಿ ಹಿಡಿಸುತ್ತದೆ.

ಇಂತಿ, ನಿಮ್ಮ ಪ್ರಕಾರ ಇಲ್ಲದೇ ಇದ್ದ ತಂಡಕ್ಕಾಗಿ ಇದ್ದ ಗಂಟಲನ್ನೆಲ್ಲ ಹರಿದುಕೊಂಡ,
ಜಯಮಾಲಾ
ಕ್ಲಾಂಗ್ ಬಂದರು