ಎರಡನೆಯ ಗೇಜ್

ಸೋಲೆಮ್ ರ‍್ಯಾಂಚ್, ಮೊಂಟಾನಾ
ಸೆಪ್ಟೆಂಬರ್ ೨೭, ೨೦೧೬, ಮಂಗಳವಾರ

ಪ್ರೀತಿಯ ಮಾರಿಟ್,

ಹೇಗಿದ್ದೀಯ? ಡುಲೂತ್‌ನಲ್ಲಿ ಸರೋವರದ ಗಾಳಿ ಈಗಾಗಲೇ ಮೂಳೆ ಕೊರೆಯುತ್ತಿರಬೇಕು. ನಿನ್ನ ಗಂಡ, ಮಗಳು ಟೆಸ್ ಆರೋಗ್ಯವಾಗಿದ್ದಾರೆ ಎಂದುಕೊಂಡಿದ್ದೇನೆ. ನನಗೆ ಎಪ್ಪತ್ತಾರಾಯಿತು. ಎಡ ಮಂಡಿ ಹೇಳಿದ ಮಾತು ಕೇಳುವುದಿಲ್ಲ, ಬಲಗಿವಿಗೆ ಯಾವ ಮಾತೂ ಕೇಳುವುದಿಲ್ಲ, ಕೈ ಮಾತ್ರ ಇನ್ನೂ ನಡುಗುತ್ತಿಲ್ಲ. ನಿನ್ನ ಅಣ್ಣ ಲೈಲ್ ಗಟ್ಟಿಮುಟ್ಟಾಗಿದ್ದಾನೆ. ಉಳಿದ ಒಂದು ಕಣ್ಣಿನಲ್ಲೇ ಇನ್ನೂರು ದನಗಳನ್ನೂ ನನ್ನನ್ನೂ ನೋಡಿಕೊಳ್ಳುತ್ತಾನೆ.

ನಿನ್ನ ಕಾಗದ ಬಂತು. ಇಪ್ಪತ್ತೆರಡು ವರ್ಷಕ್ಕೆ ನಾಲ್ಕು ಸಾಲು. ಅಕ್ಷರ ಮೊದಲಿನಂತೆಯೇ ಕೋಳಿ ಕೆದರಿದ ಹಾಗಿದೆ. ಟೆಸ್‌ಳ ಮೊದಲ ಬೇಟೆಗೆ ಮನೆಯಲ್ಲೇ ಒಂದು ರೈಫಲ್ ಜೋಡಿಸಬೇಕು, ಯಾವ ಯಾವ ಉಪಕರಣ ಕೊಳ್ಳಲಿ, ಬಿಟ್ಟು ಬಹಳ ದಿನವಾಯಿತು, ಅಷ್ಟನ್ನು ಮಾತ್ರ ಬರೆ, ಬೇರೇನೂ ಬೇಡ ಎಂದಿದ್ದೀಯ. ಹೇಗಿದ್ದೀಯ ಅಪ್ಪಾ ಎಂಬ ಒಂದು ಮಾತಿಲ್ಲ. ಇರಲಿ, ನಿನ್ನಮ್ಮನ ಹಟವೇ ನಿನಗೂ ಬಂದಿದೆ. ಡೋನಾ ಅಂಚೆ ಗಾಡಿಯಿಂದ ಕೈ ಚಾಚಿ, 'ಹಾರ್ಲನ್, ಡುಲೂತ್‌ನಲ್ಲಿ ನಿಂಗೆ ಯಾರಿದ್ದಾರೆ?' ಎಂದು ಕೇಳಿದಳು. ಯಾವುದೋ ಅಂಗಡಿಯವರದು ಎಂದುಬಿಟ್ಟೆ.

ಮೊದಲು ಸ್ಕ್ರೂಡ್ರೈವರ್. ಮೂವತ್ತು ತುದಿಗಳನ್ನು ಹೊಳೆಯುವ ಡಬ್ಬಿಯಲ್ಲಿಟ್ಟು ಮಾರುತ್ತಾರಲ್ಲ, ಅದಕ್ಕೆ ಮರುಳಾಗಬೇಡ. ಅಡುಗೆಮನೆಯ ಡ್ರಾಯರಿನಲ್ಲಿರುವುದು ತುದಿಗೆ ಹೋಗುತ್ತ ಬೆಣೆಯ ಹಾಗೆ ತೆಳುವಾಗಿರುತ್ತದೆ. ಅದು ಸ್ಕ್ರೂವಿನ ತಲೆಯ ಸೀಳಿನಲ್ಲಿ ಕೂರುವುದಿಲ್ಲ, ಜಾರಿ ತಲೆ ಕಿತ್ತುಹಾಕುತ್ತದೆ. ತುದಿಯ ಎರಡೂ ಬದಿ ಸಮಾನಾಂತರವಾಗಿ ಉಜ್ಜಿದ್ದು ಬೇಕು; ಸೀಳಿನ ಅಗಲಕ್ಕೂ ದಪ್ಪಕ್ಕೂ ಸರಿಯಾಗಿ ತುಂಬಿಕೊಳ್ಳಬೇಕು. ಆರು ಸಾಕು, ಆದರೆ ಆರೂ ಒಳ್ಳೆಯವಾಗಿರಲಿ. ನಿನಗೆ ಇದನ್ನು ಹೇಳುವುದೇ ದಂಡ. ಒಂಬತ್ತು ವರ್ಷದವಳಿದ್ದಾಗ ನೆರೆಯ ಆರ್ವಿಲ್ ರಿಪೇರಿಗೆ ತಂದ ಬಂದೂಕನ್ನು ಬೆಳಕಿಗೆ ಹಿಡಿದು, 'ಅಪ್ಪಾ, ಈ ಸ್ಕ್ರೂ ಅಳ್ತಾ ಇದೆ' ಎಂದಿದ್ದೆ. ಅದೇ ಬೆಂಚಿನಲ್ಲಿ ಲೈಲ್ ಇಕ್ಕಳ ಹಾಕಿ ತಿರುಗಿಸಿ, 'ಬಿಗೀತಲ್ಲ, ಬಿಡು' ಎನ್ನುತ್ತಿದ್ದ. ನನ್ನ ಇಬ್ಬರು ಮಕ್ಕಳಲ್ಲಿ ದೇವರು ಕೈಯನ್ನು ತಪ್ಪು ಜಾಗಕ್ಕೆ ಕೊಟ್ಟ ಎಂದು ನಿನ್ನ ಎದುರಿಗೇ ಹೇಳುತ್ತಿದ್ದೆ. ನೀನು ನಗುತ್ತಿದ್ದೆ. ನನಗದು ತಮಾಷೆಯಾಗಿರಲಿಲ್ಲ. ಆಸ್ತಿ ಗಂಡುಮಗನಿಗೆ, ಕಸುಬು ಹೆಣ್ಣುಮಗಳಿಗೆ ಬಂದರೆ ತಂದೆಯಾದವನು ಏನು ಮಾಡಬೇಕು?

ಆಮೇಲೆ ಬಂದೂಕನ್ನು ಕಚ್ಚಿ ಹಿಡಿಯುವ ವೈಸ್. ಭಾರವಾದದ್ದೇ ಕೊಳ್ಳು, ಬೆಂಚಿಗೆ ಬೋಲ್ಟ್ ಹಾಕಿ ಕೂರಿಸು, ಹಲ್ಲುಗಳಿಗೆ ದಪ್ಪ ಚರ್ಮ ಅಂಟಿಸು. ಬರಿ ಕಬ್ಬಿಣದ ಹಲ್ಲು ಕಚ್ಚಿದ ಗುರುತು ಬಂದೂಕಿನ ನಳಿಗೆಯ ಮೇಲೆ ಕೊನೆಯವರೆಗೂ ಹೋಗುವುದಿಲ್ಲ. ಪಿನ್ ಹೊರಗೆ ತಳ್ಳಲು ಹಿತ್ತಾಳೆಯ ಪಂಚ್‌ಗಳು, ಹಿತ್ತಾಳೆ ತಲೆಯ ಸಣ್ಣ ಸುತ್ತಿಗೆ. ಬಡಗಿಯ ಸುತ್ತಿಗೆ ಹತ್ತಿರ ತರಬೇಡ. ಬಿಗಿತ ಅಳೆಯುವ ಸ್ಪ್ಯಾನರ್ ಒಂದು ಇರಲಿ. ನಿನ್ನ ಬೆರಳಿಗೆ ಗೊತ್ತಾಗುತ್ತದೆ ಎಂದು ನನಗೆ ಗೊತ್ತು. ಆದರೂ ನಲವತ್ತೊಂದಕ್ಕೆ ಬೆರಳು ಹತ್ತೊಂಬತ್ತರಲ್ಲಿ ಇದ್ದ ಹಾಗಿರುವುದಿಲ್ಲ. ದೋಣಿಗಳ ಎಂಜಿನ್ ಬಿಚ್ಚಿ ಜೋಡಿಸುತ್ತೀಯಂತೆ, ನಿನ್ನ ಚಿಕ್ಕಮ್ಮ ಹೇಳಿದಳು. ಅದು ಒರಟು ಕೆಲಸ, ಕೈ ಕೆಟ್ಟಿರುತ್ತದೆ. ನಳಿಗೆ ಒರೆಸುವುದಕ್ಕೆ ಒಂದೇ ತುಂಡಿನ ಉದ್ದ ಸಲಾಕೆ ತಗೋ, ಮೂರು ತುಂಡು ಸೇರಿಸುವುದು ಬೇಡ, ಸೇರಿಕೆಯ ಜಾಗ ನಳಿಗೆಯ ಒಳಗನ್ನು ಕೆರೆಯುತ್ತದೆ. ಯಾವಾಗಲೂ ಹಿಂದಿನಿಂದ ಮುಂದಕ್ಕೆ. ಎಣ್ಣೆ ಕಡಿಮೆ. ನಿನ್ನಮ್ಮ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಷ್ಟು ಕಡಿಮೆ. ಮತ್ತು ಬೆಂಚಿರುವ ಕೋಣೆಯೊಳಗೆ ಒಂದು ತೋಟಾ ಕೂಡ ಬರಬಾರದು, ಟೆಸ್ ಅಂಗಿಯ ಜೇಬಿನಲ್ಲಿಯೂ.

ಇನ್ನು ಉಳಿದಿರುವುದು ಗೇಜ್. ಇಲ್ಲಿಗೆ ಬಂದು ಪೆನ್ನು ಕೆಳಗಿಟ್ಟು ಕಾಫಿ ಮಾಡಿಕೊಂಡು ಬಂದೆ. ಬೇರೇನೂ ಬೇಡ ಎಂದೆಯಲ್ಲ, ಆದರೆ ಇದನ್ನು ಬರೆಯದೆ ಪಟ್ಟಿ ಮುಗಿಯುವುದಿಲ್ಲ. ಹೊಸ ನಳಿಗೆ ಕೂರಿಸಿದ ಮೇಲೆ ಒಳಗೆ ತೋಟಾ ಕೂರುವ ಜಾಗ ಅಳೆಯಲು ಎರಡು ಗೇಜ್ ಬೇಕು. ತೋಟಾದ ಆಕಾರದ ಎರಡು ಉಕ್ಕಿನ ತುಂಡು. ಮೊದಲನೆಯದನ್ನು ಒಳಗಿಟ್ಟಾಗ ಅದರ ಮೇಲೆ ನಳಿಗೆಯ ಹಿಂಬಾಗಿಲಾದ ಬೋಲ್ಟ್ ಮುಚ್ಚಬೇಕು. ಎರಡನೆಯದರ ಮೇಲೆ ಮುಚ್ಚಬಾರದು. ಮುಚ್ಚಿದರೆ ಜಾಗ ಜಾಸ್ತಿಯಾಗಿದೆ, ತೋಟಾ ಒಳಗೇ ಸೀಳುತ್ತದೆ, ಬೆಂಕಿ ಹಿಂದಕ್ಕೆ, ಹೊಡೆಯುವವನ ಮುಖಕ್ಕೆ ಬರುತ್ತದೆ. ಎರಡನ್ನೂ ಕೊಳ್ಳು. ಯಾರಿಗೂ ಸಾಲ ಕೊಡಬೇಡ.

ನಮ್ಮ ಎರಡನೆಯ ಗೇಜ್, ನೀನು ಮನೆ ಬಿಟ್ಟ ಆ ಅಕ್ಟೋಬರಿನಲ್ಲಿ, ಆರ್ವಿಲ್ ಹತ್ತಿರ ಇತ್ತು. ಅವನ ಮನೆಗೆ ಹನ್ನೆರಡು ಮೈಲಿ. ಅವನಿಗೂ ನನಗೂ ಬೇಲಿಯ ಜಗಳವಾಗಿ ಮಾತು ಬಿಟ್ಟು ಒಂದು ತಿಂಗಳಾಗಿತ್ತು. ಮಾರನೆಯ ದಿನ ಬೇಟೆ ಶುರು. ಲೈಲ್ ಮಧ್ಯಾಹ್ನದಿಂದ ಕೊಟ್ಟಿಗೆಯ ಹೊರಗೆ ಟ್ರಕ್ಕಿನ ಹಾರನ್ ಒತ್ತುತ್ತಿದ್ದ. ನೀನು ಹಳೆಯ ಮಿಲಿಟರಿ ರೈಫಲಿಗೆ ಹೊಸ ನಳಿಗೆ ಕೂರಿಸಿ, ಒರೆಸಿ, ಎದೆಗೆ ಅವಚಿಕೊಂಡು ನಿಂತಿದ್ದೆ. 'ಎರಡ್ನೇ ಗೇಜ್ ಹಾಕಿ ನೋಡ್ದೆ ಇದನ್ನ ಕೈಯಿಂದ ಬಿಡಲ್ಲ ಅಪ್ಪಾ. ಆರ್ವಿಲ್ ಅಂಕಲ್ ಹತ್ರ ನಾನೇ ಹೋಗಿ ತರ್ತೀನಿ, ಒಂದು ಗಂಟೆ ಕೊಡು' ಎಂದೆ. ಆರ್ವಿಲ್ ಮನೆ ಬಾಗಿಲಿಗೆ ನನ್ನ ಮಗಳು ಹೋಗಿ ಕೈಯೊಡ್ಡುವುದು ನನಗೆ ಬೇಕಿರಲಿಲ್ಲ. ಅಷ್ಟೇ ಕಾರಣ. ಇಪ್ಪತ್ತೆರಡು ವರ್ಷ ಹುಡುಕಿದರೂ ಬೇರೆ ಕಾರಣ ಸಿಕ್ಕಿಲ್ಲ. 'ಬೋಲ್ಟು ಬೆಣ್ಣೆ ಥರ ಮುಚ್ಕೊಳ್ತಿದೆ, ಇನ್ನೇನ್ ನೋಡ್ತೀಯ? ಮುದುಕಿ ಹಾಗೆ ಗೊಣಗ್ಬೇಡ, ಕೊಡು' ಎಂದು ನಿನ್ನ ಕೈಯಿಂದ ಕಿತ್ತುಕೊಂಡು ನಾನೇ ಹೊರಗೆ ಹೋಗಿ ಲೈಲ್ ಕೈಗೆ ಕೊಟ್ಟೆ. ಬೆಣ್ಣೆಯ ಹಾಗೆ ಮುಚ್ಚಿಕೊಳ್ಳುವುದೇ ರೋಗವಿರಬಹುದು ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.

ಮೂರನೆಯ ಗುಂಡಿಗೆ ಅದು ಒಡೆಯಿತು. ಲೈಲ್ ಕೂಗಲೂ ಇಲ್ಲ, ಮುಖದ ಮೇಲೆ ಎರಡೂ ಕೈ ಇಟ್ಟುಕೊಂಡು ಮಂಡಿಯೂರಿದ. ನೀನು ಅಂಗಿ ಬಿಚ್ಚಿ ಅವನ ಕಣ್ಣಿಗೆ ಒತ್ತಿ ಹಿಡಿದು ನಲವತ್ತು ಮೈಲಿ ಹಾಗೆಯೇ ಕೂತಿದ್ದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಪೊಲೀಸಿನವನು ಬಂದು, ಜೋಡಿಸಿದ್ದು ಯಾರು ಎಂದು ಕೇಳಿದ. ಮಗಳು ಎಂದೆ. ಅದು ನಿಜ. ಅಳತೆ ನೋಡಿದ್ದಳಾ ಎಂದ. 'ನೋಡು ಅಂತ ಹೇಳಿದ್ದೆ ಸಾರ್. ಅವಳಿಗೆ ಯಾವಾಗ್ಲೂ ಅವಸರ' ಎಂದೆ. ನೀನು ಬನಿಯನ್ನಿನಲ್ಲಿ, ಮೊಣಕೈವರೆಗೆ ಅಣ್ಣನ ರಕ್ತ ಒಣಗಿಸಿಕೊಂಡು, ನನ್ನಿಂದ ಮೂರಡಿ ದೂರದಲ್ಲಿ ನಿಂತಿದ್ದೆ. 'ಅಪ್ಪಾ, ನೀನೇ ಹೇಳು' ಎಂದೆ. ನಾನು ಹೇಳಲಿಲ್ಲ. ನಿನ್ನಮ್ಮ ಬರ್ನೀಸ್, ಚರ್ಚಿನಲ್ಲಿ ಕೆಮ್ಮುವುದಕ್ಕೂ ನಾಚಿಕೊಳ್ಳುತ್ತಿದ್ದವಳು, ನಿನ್ನ ಕೆನ್ನೆಗೆ ಬಾರಿಸಿ, 'ನಿನ್ನ ಕೈ ಸೇದಿಹೋಗ್ಲಿ' ಎಂದು ಶಾಪ ಹಾಕಿದಳು. ಅವಳ ಕೈ ಹಿಡಿಯಬಹುದಿತ್ತು. ಕಿಟಕಿಯ ಹೊರಗೆ ನೋಡಿದೆ. ನಾನು ಬಾಯಿ ಬಿಡುತ್ತೇನೆ ಎಂದು ನೀನು ಎಂಟು ದಿನ ಕಾದು, ಒಂಬತ್ತನೆಯ ದಿನ ಬಸ್ಸು ಹತ್ತಿದೆ.

ಇನ್ನೊಂದನ್ನೂ ಬರೆದುಬಿಡುತ್ತೇನೆ. ಅಮ್ಮನ ಕೊನೆಯ ವಾರದಲ್ಲಿ ನೀನು ಫೋನ್ ಮಾಡಿದೆಯಲ್ಲ, ಅವಳಿಗೆ ಮಾತಾಡಲು ಆಗುವುದಿಲ್ಲ, ಪ್ರಜ್ಞೆಯಿಲ್ಲ ಎಂದು ನಾನು ಹೇಳಿದ್ದೆ. ಪ್ರಜ್ಞೆ ಇತ್ತು. ದಿಂಬಿಗೆ ಒರಗಿ ಕೂತು ಸೇಬಿನ ಸಿಹಿ ತಿನ್ನುತ್ತಿದ್ದಳು. 'ಯಾರದ್ರೀ? ಮಾರಿಟ್‌ಳದ್ದಾ?' ಎಂದು ಕೇಳಿದಳು. ಹತ್ತು ವರ್ಷದಲ್ಲಿ ಅವಳ ಬಾಯಲ್ಲಿ ನಿನ್ನ ಹೆಸರು ಬಂದದ್ದು ಅದೊಂದೇ ಸಲ. ಫೋನ್ ಕೊಟ್ಟರೆ ನೀನು ನಿಜ ಹೇಳಿಬಿಡುತ್ತೀಯ ಎಂದು ಹೆದರಿ, 'ರಾಂಗ್ ನಂಬರ್' ಎಂದೆ. ಚಮಚ ಕೆಳಗಿಟ್ಟು ಗೋಡೆಯ ಕಡೆ ತಿರುಗಿದಳು.

ಈಗ ಅಂಥದ್ದೇ ಒಂದು ಬೋಲ್ಟಿನ ಹಿಂದೆ ಟೆಸ್ ಕಣ್ಣು ಇರುತ್ತದೆ ಎಂದು ಓದಿದೆ. ನಿನ್ನೆಯೆಲ್ಲ ಕೊಟ್ಟಿಗೆಯಲ್ಲಿ ನಿನ್ನ ಕಾಗದ ಹಿಡಿದು ಕೂತಿದ್ದೆ. ನಿರ್ಧಾರ ಮಾಡಿದ್ದೇನೆ ಮಗಳೇ. ಮೊದಲು ಲೈಲ್‌ಗೆ ಹೇಳುತ್ತೇನೆ, ಅವನು ಹೊಡೆದರೂ ಸರಿ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಎಲ್ಲರ ಮುಂದೆ ಎದ್ದು ನಿಂತು, ಆ ರೈಫಲನ್ನು ನನ್ನ ಮಗಳ ಕೈಯಿಂದ ಕಿತ್ತುಕೊಂಡವನು ನಾನು ಎನ್ನುತ್ತೇನೆ. ಊರಿನಲ್ಲಿ ಇನ್ನೂ 'ಆ ಕಣ್ಣು ತೆಗೆದ ಹುಡುಗಿ' ಎಂದೇ ನಿನ್ನ ಮಾತು ಬರುತ್ತದೆ. ಮುಂದಿನ ವಾರದಿಂದ ಬರುವುದಿಲ್ಲ. ಬೇಸಿಗೆಗೆ ಟೆಸ್‌ಳನ್ನು ಕರೆದುಕೊಂಡು ಬಾ. ನಿನ್ನ ಬೆಂಚು ಹಾಗೆಯೇ ಇದೆ, ಮೇಲೆ ದನದ ಔಷಧಿ ಡಬ್ಬಿಗಳಿವೆ, ತೆಗೆಸುತ್ತೇನೆ.

ಅಳಿಯನಿಗೆ ನನ್ನ ನೆನಪು ತಿಳಿಸು. ಟೆಸ್‌ಗೆ ನೂರು ಮುತ್ತು. ಅವಳ ಮೊದಲ ಜಿಂಕೆ ಒಂದೇ ಗುಂಡಿಗೆ ಬೀಳಲಿ, ಅವಳ ಎರಡು ಕಣ್ಣೂ ಎಂಬತ್ತು ವರ್ಷ ಬಾಳಲಿ.

ಇಂತಿ ನಿನ್ನ ತಂದೆ,
ಹಾರ್ಲನ್ ಸೋಲೆಮ್

ತಾ.ಕ.: ಗುರುವಾರ ಬೆಳಿಗ್ಗೆ. ಡೋನಾ ಗಾಡಿ ಬರುವ ಹೊತ್ತು, ಬೇಗ ಬೇಗ ಬರೆಯುತ್ತಿದ್ದೇನೆ. ತಿಂಡಿಯ ಹೊತ್ತಿನಲ್ಲಿ ಲೈಲ್‌ಗೆ ಹೇಳಿದೆ. ಅವನು ಮೊಟ್ಟೆಯಿಂದ ತಲೆ ಎತ್ತಲಿಲ್ಲ. 'ಗೊತ್ತು' ಎಂದ. 'ಬಾಗಿಲ ಹೊರಗೇ ಇದ್ನಲ್ಲ. ಅವಳು ಒಂದು ಗಂಟೆ ಕೊಡು ಅಂದಿದ್ದೂ ಕೇಳಿಸ್ತು, ನೀನು ಬೈದಿದ್ದೂ ಕೇಳಿಸ್ತು.' 'ಮತ್ತೆ ಯಾಕೋ ಸುಮ್ನಿದ್ದೆ?' ಎಂದು ಕೇಳಿದೆ. 'ನೀನ್ಯಾಕೆ ಸುಮ್ನಿದ್ದೆ? ಅವಳು ಇಲ್ಲೇ ಇದ್ದಿದ್ರೆ ಇವತ್ತಲ್ಲ ನಾಳೆ ನೀನು ಈ ಜಾಗ ಅವಳಿಗೇ ಬರೀತಿದ್ದೆ, ನಂಗೊತ್ತಿಲ್ವಾ? ಹೋದ ಕಣ್ಣು ಹೋಯ್ತು. ಜಾಗ ಆದ್ರೂ ಉಳೀಲಿ ಅಂತ ಬಾಯ್ಮುಚ್ಕೊಂಡೆ.' ರೊಟ್ಟಿಯಲ್ಲಿ ತಟ್ಟೆ ಒರೆಸಿ ತಿಂದ. ಭಾನುವಾರದ ವಿಷಯ ಹೇಳಿದೆ. 'ಹೇಳು. ಸೋಮವಾರ ನಿನ್ನ ಪೆಟ್ಟಿಗೆ ಪಟ್ಟಣದ ವೃದ್ಧಾಶ್ರಮದಲ್ಲಿರುತ್ತೆ. ನನ್ನನ್ನ ಸುಳ್ಳುಗಾರ ಮಾಡಿ ನನ್ನ ಮನೇಲೇ ಅನ್ನ ತಿಂತೀಯಾ?' ಎಂದು ಟೋಪಿ ಹಾಕಿಕೊಂಡು ಹೋದ. ಮನೆ, ಜಮೀನು ಎಲ್ಲ ಅವನ ಹೆಸರಿಗಾಗಿ ಏಳು ವರ್ಷವಾಯಿತು. ಆ ವೃದ್ಧಾಶ್ರಮವನ್ನು ನೋಡಿದ್ದೇನೆ, ಒಂದು ಕೋಣೆಗೆ ಇಬ್ಬರು, ಕಿಟಕಿ ತೆರೆಯಲು ಬರುವುದಿಲ್ಲ. ಹಾಗಾಗಿ ಭಾನುವಾರದ ಮಾತು ಬಿಟ್ಟುಬಿಡು. ಮತ್ತೆ ಬರೆಯಲು ಪುರುಸೊತ್ತಿಲ್ಲ, ಇದನ್ನೇ ಕಳಿಸುತ್ತಿದ್ದೇನೆ. ಉಪಕರಣಗಳನ್ನು ಬೇರೆ ಹಾಳೆಗೆ ಇಳಿಸಿಕೊಂಡು ಇದನ್ನು ಸುಟ್ಟುಹಾಕು. ಬೇಸಿಗೆಗೆ ಬರುವುದೂ ಬೇಡ. ನನಗೆ ಇನ್ನೆಷ್ಟು ವರ್ಷ, ನಾಲ್ಕೋ ಐದೋ. ಅಲ್ಲಿಯವರೆಗೆ ಎಲ್ಲ ಮೊದಲಿನಂತೆಯೇ ಇರಲಿ. ಊರಿನ ಮಾತು ಕೇಳಿಸಿಕೊಂಡು ಮನೆ ಬಿಡುವುದು ನನಗೆ ಈ ವಯಸ್ಸಿನಲ್ಲಿ ಹೊಸದಾಗಿ ಆಗುವುದಿಲ್ಲ ಮಗಳೇ, ನಿನಗಾದರೆ ಅಭ್ಯಾಸವಾಗಿದೆ.