ಗೋಡೆಯೊಳಗೆ ಸರಿಯುವ ಬಾಗಿಲು

ಯಜಮಾನರಿಗೆ ನಮಸ್ಕಾರ.

ಬರುವ ವಾರ ನಿಮ್ಮನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುತ್ತಾರಂತೆ, ನಿಮ್ಮ ತಂಗಿ ಹೇಳಿದಳು. ನಿಮ್ಮ ಕೋಣೆ ತಯಾರಾಗಿದೆ. ಗಾಲಿಕುರ್ಚಿ ಸಲೀಸಾಗಿ ಹೋಗಲಿ ಅಂತ ಹಳೆಯ ಬಾಗಿಲು ಕೀಳಿಸಿ, ಗೋಡೆಯೊಳಗೆ ಸರಿದುಹೋಗುವ ಬಾಗಿಲು ಹಾಕಿಸಿದ್ದೇನೆ. ಇದನ್ನು ದಢಾರಂತ ಬಡಿಯಲು ಬರುವುದಿಲ್ಲ. ಸ್ವಲ್ಪ ದಿನ ನಿಮಗೆ ಬೇಜಾರಾಗಬಹುದು.

ನಿಮ್ಮ ಬೆರಳುಗಳು ಇನ್ನು ಏನನ್ನೂ ಹಿಡಿಯುವುದಿಲ್ಲ ಅಂತ ಡಾಕ್ಟರು ಹೇಳಿದರಲ್ಲ, ಅದಕ್ಕೆ ಚಿಲಕ ಆರಿಸಲು ನಾನೇ ಅಂಗಡಿಗೆ ಹೋದೆ. ಅಂಥವರಿಗೆಂದೇ ಉದ್ದ ಹಿಡಿಯ ಚಿಲಕ ಬಂದಿದೆ. ಮೊಣಕೈಯಿಂದ ಒತ್ತಿದರೂ ತೆರೆದುಕೊಳ್ಳುತ್ತದೆ. ನಾನೂ ಒತ್ತಿ ನೋಡಿದೆ, ಹೂ ಎತ್ತಿದ ಹಾಗೆ ಆಯಿತು. ಅದನ್ನೇ ತಂದೆ.

ಬಡಗಿ ಅದನ್ನು ಕೋಣೆಯ ಒಳಗಡೆ ಕೂರಿಸಲು ಹೊರಟಿದ್ದ. ತಡೆದು, ಹೊರಗಡೆ ಹಾಕಿಸಿದೆ. ಒಳಗಡೆ ಎರಡು ಬೆರಳಲ್ಲಿ ಹಿಡಿದು ತಿರುಗಿಸುವ ಪುಟ್ಟ ನಾಬ್ ಇದೆ. ನಾನು ಹೊರಗಿನಿಂದ ಚಿಲಕ ಹಾಕಿದ್ದರೂ, ಆ ನಾಬ್ ತಿರುಗಿಸಿದರೆ ಬಾಗಿಲು ತೆಗೆಯಬಹುದು.

"ಅಮ್ಮಾ, ಯಜಮಾನ್ರ ಕೈಲಿ ಇದು ಆಗುತ್ತಾ?" ಅಂತ ಬಡಗಿ ಮತ್ತೆ ಮತ್ತೆ ಕೇಳಿದ.

"ಅವರು ಹಟವಾದಿ ಕಣಪ್ಪಾ, ಕಲಿತುಕೊಳ್ತಾರೆ" ಅಂದೆ.

ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕರೆಗಂಟೆ ಇದೆಯಂತೆ. ಅದನ್ನು ಅಭ್ಯಾಸ ಮಾಡಿಕೊಳ್ಳಬೇಡಿ, ಇಲ್ಲಿ ಹಾಕಿಸಿಲ್ಲ. ನನ್ನನ್ನು ಸ್ಟೋರ್ ರೂಮಿನಲ್ಲಿ ಕೂಡಿಹಾಕಿ ಹೋಗುವಾಗಲೆಲ್ಲ ನೀವು ಹೇಳುತ್ತಿದ್ದ ಮಾತು ನನಗೆ ಬಾಯಿಪಾಠವಾಗಿದೆ. ನಾನೂ ಅದನ್ನೇ ಹೇಳುತ್ತೇನೆ: ಬೇಕಾದರೆ ಕೂಗಿ. ಕೇಳಿಸಿದರೆ ಬರುತ್ತೇನೆ.

ಇತಿ,
ದಾರಿ ಕಾಯುತ್ತಿರುವ ನಿಮ್ಮ ಹೆಂಡತಿ