ಒಂದು ಇಂಚಿನ ಸುಳ್ಳು

ನನ್ನ ಮುದ್ದು ತಂಗೀ,

ಕಾಲೇಜು ಬಿಡುವ ಅರ್ಜಿಯನ್ನು ಹೊಲಿಗೆ ಯಂತ್ರದ ಮೇಲಿಟ್ಟು, ಸಹಿ ಮಾಡಿ ಅಂಚೆಗೆ ಹಾಕು ಎಂದು ಹೇಳಿ ಹೋದೆಯಲ್ಲ, ಐದು ದಿನದಿಂದ ಅದನ್ನೇ ನೋಡುತ್ತಾ ಕೂತಿದ್ದೇನೆ.

ಡಿಪ್ಲೊಮಾ ಮಾಡಿದ ಹಳೆಯ ಕಾಲೇಜಿನಲ್ಲಿ ನೀನೇ ಮೊದಲು. ಈ ಇಂಜಿನಿಯರಿಂಗ್ ಕಾಲೇಜಿನಲ್ಲಿ ನೇರವಾಗಿ ಎರಡನೇ ವರ್ಷಕ್ಕೆ ಸೇರಿದ ಮೇಲೆ ಮೊದಲ ಪ್ರಯೋಗಕ್ಕೇ ಸೊನ್ನೆ. ಸ್ಪ್ರಿಂಗು ಎಷ್ಟು ಜಗ್ಗುತ್ತದೆ ಎಂದು ಅಳೆಯಲು ಹೇಳಿದರೆ, ನೀನು ಅಭ್ಯಾಸಬಲದಿಂದ ಪುಸ್ತಕದ ಅಂಕಿಯನ್ನೇ ದುಂಡಗೆ ಬರೆದೆ. ಲ್ಯಾಬಿನ ಮೇಡಂ ಕೊಟ್ಟದ್ದು ಸವೆದ ಸ್ಪ್ರಿಂಗು, ಅದರ ಅಂಕಿಯೇ ಬೇರೆ. "ಪುಸ್ತಕ ಹೇಳಿದ್ದು ಬರೆದಿದ್ದೀಯ, ನಿನ್ನ ಕಣ್ಣು ಏನು ಹೇಳ್ತು?" ಅಂದರಂತೆ. "ಕ್ಲಾಸಿನವರೆಲ್ಲ ಮೊದಲನೇ ವರ್ಷದಿಂದ ಯೋಚನೆ ಮಾಡೋದು ಕಲ್ತಿದಾರೆ ಅಕ್ಕ, ನಂಗೆ ಬರೋದು ಬಾಯಿಪಾಠ ಒಂದೇ" ಎಂದು ನೀನು ಅತ್ತಾಗ ಸಹಿ ಹಾಕಿಬಿಡೋಣ ಅನ್ನಿಸಿತು. ಪೆನ್ನು ಹುಡುಕಿದ್ದೂ ನಿಜ.

ಅಷ್ಟರಲ್ಲಿ ಬ್ಯಾಂಕಿನ ಗುಮಾಸ್ತರು ಬಂದು ಅಂಗಿ ಬಿಗಿಯಾಗಿದೆ ಎಂದು ಕೂಗಾಡಿದರು. "ನೀವೇ ಸ್ವಲ್ಪ ದಪ್ಪ ಆಗಿದ್ದೀರಿ ಸಾರ್" ಎಂದು ಎಂದಿನಂತೆ ಸಾಗಹಾಕಿದೆ. ನೀನು ಮೂಗು ಒರೆಸಿಕೊಳ್ಳುತ್ತಲೇ ಕೇಳಿದೆ, "ಈ ವರ್ಷ ಎಷ್ಟು ಜನಕ್ಕೆ ಹೀಗೆ ಹೇಳಿದೀಯ?" ನಾನು ಎಣಿಸಿದೆ. ಹನ್ನೊಂದು. "ಊರಿಗೆ ಊರೇ ಒಂದೇ ವರ್ಷದಲ್ಲಿ ದಪ್ಪ ಆಯ್ತಾ ಅಕ್ಕ?"

ನೀನು ನನ್ನ ಕೊರಳಿನ ಟೇಪನ್ನು ಎಳೆದುಕೊಂಡು, ಬಟ್ಟೆ ಕತ್ತರಿಸುವ ಮೇಜಿನ ಅಂಚಿನ ಅಳತೆಪಟ್ಟಿಯ ಪಕ್ಕ ಹಾಸಿದೆ. ಟೇಪಿನ ನಲವತ್ತು ಇಂಚು ಮೇಜಿನ ನಲವತ್ತೊಂದರ ಮೇಲೆ ಕೂತಿತ್ತು. ಹದಿನೈದು ವರ್ಷ ಎಳೆಸಿಕೊಂಡು ಹಿಗ್ಗಿತ್ತು ಮುದಿ ಟೇಪು! ನಾನಾಗಿದ್ದರೆ ಹೊಸದು ತಂದು ಸುಮ್ಮನಾಗುತ್ತಿದ್ದೆ. ನೀನು ಬಿಡಲಿಲ್ಲ. ಹಾಗಾದರೆ ಮೊದಲು ಯಾರೂ ಯಾಕೆ ಬೈಯಲಿಲ್ಲ ಎಂದು ಅರ್ಧ ಗಂಟೆ ಗೋಡೆ ನೋಡಿದೆ. ಆಮೇಲೆ, ಈ ಮೇಜು ಯಾವಾಗ ಬಂತು ಎಂದೆ. ಹೋದ ವರ್ಷದ ಕೊನೆಗೆ. ಅದಕ್ಕೂ ಮುಂಚೆ ಮೈಯನ್ನೂ ಬಟ್ಟೆಯನ್ನೂ ಅದೇ ಟೇಪಿನಲ್ಲಿ ಅಳೆಯುತ್ತಿದ್ದೆ. ಎರಡು ಕಡೆಯೂ ಒಂದೇ ತಪ್ಪು, ಅಂಗಿ ಸರಿಯಾಗೇ ಬರುತ್ತಿತ್ತು. ಮೈಗೆ ಟೇಪು, ಬಟ್ಟೆಗೆ ಮೇಜು ಎಂದಾದ ಮೇಲೆ ತಪ್ಪು ಹೊರಬಿತ್ತು.

ನಾನು ಟೇಪನ್ನು ತಿರುವಿ ತಿರುವಿ ನೋಡುತ್ತಿದ್ದೆ. ನೀನೋ, ಏನೂ ನಡೆದೇ ಇಲ್ಲವೆಂಬಂತೆ, ಬಸ್ಸಿಗೆ ಹೊತ್ತಾಯಿತೆಂದು ಚೀಲ ಎತ್ತಿಕೊಂಡು ಹೊರಟೆ. ಎತ್ತಿ ಆಡಿಸಿದ ಮಗುವಿನ ತಲೆಯೊಳಗೆ ಇದೆಲ್ಲ ಯಾವಾಗ ಹುಟ್ಟಿತು? ಆರು ತಿಂಗಳ ಹಿಂದೆ, ಈ ಕಾಲೇಜು ಸೇರುವ ಮುಂಚೆ ಆಗಿದ್ದರೆ ನೀನೂ ಗುಮಾಸ್ತರನ್ನೇ ದಪ್ಪ ಅನ್ನುತ್ತಿದ್ದೆ ಕಣೇ.

ಗುಮಾಸ್ತರಿಗೆ ತಪ್ಪು ನನ್ನದೇ ಎಂದು ಹೇಳಿದೆ. ಹನ್ನೊಂದು ಅಂಗಿಗಳನ್ನೂ ಬಿಚ್ಚಿ ಹೊಲಿಯುತ್ತಿದ್ದೇನೆ. ಹಳೆಯ ಟೇಪನ್ನು ಈ ಪತ್ರದೊಳಗೆ ಸುತ್ತಿಟ್ಟಿದ್ದೇನೆ, ಮೇಡಂಗೆ ತೋರಿಸು. ಅರ್ಜಿಯೂ ಇದೆ, ಸಹಿ ಮಾಡಿಲ್ಲ. ಇನ್ನೂ ಬಿಡಬೇಕೆನ್ನಿಸಿದರೆ ಬಾ. ಆದರೆ ಯಾಕೆ ಎಂದು ನಾನು ಕೇಳುತ್ತೇನೆ, ನನಗೆ ಒಪ್ಪುವ ಕಾರಣ ಕೊಡಬೇಕು.

ನೂರು ವರ್ಷ ಹೀಗೇ ಪ್ರಶ್ನೆ ಕೇಳುತ್ತಾ ಬಾಳು.

ಇನ್ನು ಯಾರನ್ನೂ ದಪ್ಪ ಎನ್ನದ,
ನಿನ್ನ ಅಕ್ಕ